ಮನೆಗಾಡಿಯಲ್ಲಿ ಕಡಲ ತೀರಕ್ಕೆ

ತೆಂಗು ಕಡಲಿನ ಮಗು. ಅದರ ಕಾಯಿ ನಾರಿನ ಕವಚವನ್ನು ತೊಟ್ಟು ಉಪ್ಪುನೀರಿನಲ್ಲಿ ತೇಲಿಹೋಗಿ, ದೂರದ ಮರಳದಂಡೆಯನ್ನು ಸೇರಿ ಅಲ್ಲಿ ಮೊಳೆಯಬಲ್ಲದು. ಹಾಗಿದ್ದರೂ ಸಮುದ್ರಮಟ್ಟದಿಂದ ಸುಮಾರು ೮೦೦ ಮೀಟರು ಎತ್ತರದಲ್ಲಿರುವ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಬಯಲಿನಲ್ಲಿ ಅದು ನಮ್ಮ ಹಿರಿಯರ ಆರೈಕೆಯಿಂದ ನೆಲೆನಿಂತು, ಈ ಸೀಮೆಗೆ ಕಲ್ಪತರು ನಾಡೆಂಬ ಹೆಸರನ್ನು ತಂದಿದೆ. ಕಾಯನ್ನು ಅಟ್ಟದ ಮೇಲೆ ಎಂಟು ಹತ್ತು ತಿಂಗಳು, ಕೆಲವೊಮ್ಮೆ ವರ್ಷದವರೆಗೂ ಬಿಟ್ಟು, ಒಳಗಿನ ನೀರು ಇಂಗಿದ ಮೇಲೆ ಒಡೆದು ತೆಗೆಯುವ ಉಂಡೆಕೊಬ್ಬರಿಯು ತಿಪಟೂರಿನ ಮಾರುಕಟ್ಟೆಯಿಂದ ಉತ್ತರ ಭಾರತದ ಪಟ್ಟಣಗಳವರೆಗೆ ಹೋಗುತ್ತದೆ. ಆದರೆ ಆ ಮರಗಳ ಬುಡಕ್ಕೆ ಐವತ್ತು ಅರುವತ್ತು ವರ್ಷ ನೀರು ಕಟ್ಟಿದ, ಸಿಪ್ಪೆ ಸುಲಿದ, ಸೋಗೆ ಹೆಣೆದ ಎಷ್ಟೋ ಮಂದಿ ವೃದ್ಧರು, ಅವರಲ್ಲಿಯೂ ವಿಶೇಷವಾಗಿ ಸ್ತ್ರೀಯರು, ಆ ಮರದ ತವರಾದ ಸಮುದ್ರವನ್ನು ಒಮ್ಮೆಯೂ ಕಂಡವರಲ್ಲ.

ಸಮುದ್ರವೇನೂ ನಮಗೆ ದೇಶಾಂತರವಲ್ಲ. ತಿಪಟೂರಿನಿಂದ ಮಂಗಳೂರಿಗೆ ಸುಮಾರು ೨೪೦ ಕಿಲೋಮೀಟರು ದಾರಿ. ಹೀಗಿರುವಲ್ಲಿ ಹಿರಿಯರು ಏಕೆ ಹೋಗಲಿಲ್ಲವೆಂದು ವಿಚಾರಿಸಿದರೆ ಬರುವ ಉತ್ತರ ಎಲ್ಲ ಮನೆಗಳಲ್ಲಿಯೂ ಒಂದೇ: “ನಾನೆಲ್ಲಿ ಬರಾಕಾಯ್ತದೆ ಮಗ, ನೀವು ಹೋಗ್ಬನ್ನಿ. ಮನೆ ಕಾಯ್ಕಂಡಿರ್ತೀನಿ.” ಈ ಮಾತಿನಲ್ಲಿ ಎರಡು ಕಾರಣಗಳು ಅಡಗಿವೆ. ಮನೆಯನ್ನೂ ತೋಟವನ್ನೂ ಕರೆಯುವ ಹಸುವನ್ನೂ ಬಿಟ್ಟು ಹೋಗುವುದು ಹೇಗೆಂಬುದು ಬಾಯಲ್ಲಿ ಬರುವ ಕಾರಣ. ಬಾಯಲ್ಲಿ ಬಾರದ ಕಾರಣ ಇನ್ನೊಂದು. ಮಂಡಿ ಮಡಿಸಲಾರದ, ಎರಡು ಗಳಿಗೆಗೊಮ್ಮೆ ಏಳಬೇಕಾದ ಮುದುಕಿಗೆ ದಾರಿಯಲ್ಲಿ ಶೌಚಕ್ಕೆ ಎಲ್ಲಿ ಹೋಗುವುದೆಂಬ ಅಂಜಿಕೆಯೇ ಅದು. ಬಸ್ಸಿನಲ್ಲಿ ಹೊರಡುವ ದಿನ ಬೆಳಗಿನಿಂದ ನೀರು ಮುಟ್ಟದೆ ಕೂತಿರುವ ತಾಯಂದಿರು ನಮ್ಮಲ್ಲಿ ಎಷ್ಟು ಮಂದಿ ಇಲ್ಲ! ಯಾತ್ರೆಯ ಸುಖವೆಲ್ಲ ಈ ಒಂದು ಸಂಕಟದಲ್ಲಿ ಕರಗಿಹೋಗುತ್ತದೆ. ಮುಂದಿನ ಸಲ ಕರೆದಾಗ ಅವರು ಬರುವುದಿಲ್ಲ.

ಈಚಿನ ವರ್ಷಗಳಲ್ಲಿ ನಮ್ಮ ರಸ್ತೆಗಳ ಮೇಲೆ ಅಲ್ಲಲ್ಲಿ ಕಾಣತೊಡಗಿರುವ ಕ್ಯಾರವಾನ್ ಎಂಬ ಮನೆಗಾಡಿಯು ಈ ಎರಡನೆಯ ಕಷ್ಟಕ್ಕೆ ಪರಿಹಾರವನ್ನು ಒದಗಿಸುತ್ತದೆ. ಒಂದು ದೊಡ್ಡ ವ್ಯಾನಿನ ಒಡಲಿನಲ್ಲಿ ಕೂರುವ ಸ್ಥಳ, ಮಲಗುವ ಹಾಸಿಗೆ, ಸಣ್ಣ ಒಲೆ, ನೀರಿನ ತೊಟ್ಟಿ, ಬಾಗಿಲು ಹಾಕಿಕೊಳ್ಳಬಹುದಾದ ಶೌಚದ ಗೂಡು ಇವಿಷ್ಟನ್ನು ಅಳವಡಿಸಿರುತ್ತಾರೆ. ಇಂಗ್ಲೆಂಡಿನಲ್ಲಿ ಗಾರ್ಡನ್ ಸ್ಟೇಬಲ್ಸ್ ಎಂಬ ವೈದ್ಯನು ೧೮೮೫ರಲ್ಲಿ ಕುದುರೆಗಳು ಎಳೆಯುವ ಇಂತಹ ಗಾಡಿಯೊಂದನ್ನು ಕೇವಲ ವಿಹಾರಕ್ಕಾಗಿಯೇ ಕಟ್ಟಿಸಿಕೊಂಡು ದೇಶ ಸುತ್ತಿದನು. ಜರ್ಮನಿಯ ಫೋಕ್ಸ್‌ವ್ಯಾಗನ್ ಕಾರ್ಖಾನೆಯು ೧೯೫೦ರಲ್ಲಿ ತನ್ನ ವ್ಯಾನನ್ನು ಹೊರತಂದ ಮೇಲೆ ಮೋಟಾರಿನ ಮನೆಗಾಡಿಯು ಸಾಮಾನ್ಯ ಸಂಸಾರಗಳ ಕೈಗೂ ಎಟುಕಿತು. ನಮ್ಮ ನೆರೆಯ ಕೇರಳ ಸರ್ಕಾರವು ೨೦೨೧ರಲ್ಲಿ ಕ್ಯಾರವಾನ್ ಪ್ರವಾಸಕ್ಕೆಂದೇ ಒಂದು ನೀತಿಯನ್ನು ಪ್ರಕಟಿಸಿತು. ಬೆಂಗಳೂರಿನಲ್ಲಿ ಇವು ಈಗ ಸಾರಥಿಸಹಿತವಾಗಿ ಬಾಡಿಗೆಗೆ ದೊರೆಯುತ್ತವೆ.

ಹೆಸರು ಹೊಸದೇ ಹೊರತು ಕ್ರಮ ನಮಗೆ ಹೊಸದಲ್ಲ. ಎಡೆಯೂರು ಜಾತ್ರೆಗೋ ದೂರದ ಕ್ಷೇತ್ರಕ್ಕೋ ನಮ್ಮ ಹಿರಿಯರು ಕಮಾನುಗಾಡಿಯನ್ನು ಕಟ್ಟಿಕೊಂಡು ಹೊರಡುತ್ತಿದ್ದಾಗ ಗಾಡಿಯಲ್ಲಿ ಹುಲ್ಲು ಹಾಸಿ ಜಮಖಾನ ಹೊದಿಸಿ, ಪಾತ್ರೆ ಪಡಗ, ರಾಗಿಹಿಟ್ಟು, ಬುತ್ತಿಯ ಗಂಟು, ನೀರಿನ ತಂಬಿಗೆಗಳನ್ನು ತುಂಬಿಕೊಳ್ಳುತ್ತಿದ್ದರು. ಅವರು ಊರಿಂದೂರಿಗೆ ಎಷ್ಟು ದೂರವೆಂದು ಲೆಕ್ಕ ಹಾಕುತ್ತಿರಲಿಲ್ಲ. ಮಜಲು ಎಲ್ಲಿ ಎಂದು ಲೆಕ್ಕ ಹಾಕುತ್ತಿದ್ದರು. ಎತ್ತು ಎಲ್ಲಿ ದಣಿಯುತ್ತದೆ, ಬಾವಿ ಎಲ್ಲಿದೆ, ನೆರಳು ಎಲ್ಲಿದೆ, ರಾತ್ರಿ ತಂಗಲು ಛತ್ರ ಎಲ್ಲಿದೆ ಎಂಬುದೇ ಅವರ ನಕ್ಷೆ. ಇಂದು ಎತ್ತು ಹೋಗಿ ಎಂಜಿನ್ನು ಬಂದಿದೆ. ಎಂಜಿನ್ನು ದಣಿಯದೆಂಬ ಧೈರ್ಯದಿಂದ ದಿನಕ್ಕೆ ೪೦೦ ಕಿಲೋಮೀಟರು ಓಡುವವರು ಒಳಗೆ ಕುಳಿತ ತಾಯಿ ದಣಿಯುವಳೆಂಬುದನ್ನು ಮರೆಯುತ್ತಾರೆ. ಆದುದರಿಂದ ಮನೆಗಾಡಿಯ ಪ್ರವಾಸವನ್ನು ಯೋಚಿಸುವ ಗೃಹಸ್ಥನಿಗೆ ನಾವು ಹೇಳತಕ್ಕ ಮಾತು ಇಷ್ಟೇ: ಗಾಡಿಯಲ್ಲಿ ಕೂರುವವರ ಪೈಕಿ ಅತ್ಯಂತ ಹಿರಿಯರು ಯಾರೋ ಅವರ ದೇಹವನ್ನು ಅಳತೆಗೋಲಾಗಿ ಇಟ್ಟುಕೊಂಡು ಇಡೀ ಪ್ರಯಾಣವನ್ನು ಗೊತ್ತುಮಾಡಬೇಕು. ಅವರಿಗೆ ಒಪ್ಪಿದ್ದು ಮಕ್ಕಳಿಗೂ ಒಪ್ಪುತ್ತದೆ.

ಮೊದಲು ಕಾಲವನ್ನು ನಿಶ್ಚಯಿಸಬೇಕು. ಜೂನ್ ತಿಂಗಳಿನಿಂದ ಸೆಪ್ಟೆಂಬರಿನವರೆಗೆ ಕರಾವಳಿಯ ಮಳೆ ನಮ್ಮ ಬಯಲುಸೀಮೆಯವರು ಊಹಿಸಬಲ್ಲಂಥದಲ್ಲ. ೨೦೧೯ರ ಆಗಸ್ಟಿನಲ್ಲಿ ಚಾರ್ಮಾಡಿ ಘಾಟಿಯು ಹಲವೆಡೆ ಕುಸಿದು ಸಂಚಾರ ನಿಂತುಹೋಯಿತು. ೨೦೨೪ರ ಜುಲೈ ೧೬ರಂದು ಅಂಕೋಲೆಯ ಬಳಿಯ ಶಿರೂರಿನಲ್ಲಿ ಗುಡ್ಡವು ಕರಾವಳಿ ಹೆದ್ದಾರಿಯ ಮೇಲೆಯೇ ಜಾರಿ ಅನೇಕರು ಪ್ರಾಣ ಕಳೆದುಕೊಂಡರು. ಮಳೆಗಾಲದಲ್ಲಿ ಸಮುದ್ರವೂ ಇಳಿಯುವವರಿಗೆ ಅಪಾಯಕರ. ಮಾರ್ಚ್ ಕಳೆದ ಮೇಲೆ ಸೆಕೆ ಹೆಚ್ಚು. ಅತ್ತ ತೋಟಕ್ಕೆ ನೀರು ಹಾಯಿಸುವ ಕೆಲಸವೂ ಹೆಚ್ಚು. ರಾಗಿಯ ಕೊಯ್ಲು ಮುಗಿದು ಕಣದ ಕೆಲಸ ತೀರಿ ಸಂಕ್ರಾಂತಿ ಕಳೆದ ಮೇಲೆ, ಮಹಾಶಿವರಾತ್ರಿಗೆ ಮುಂಚೆ ಇರುವ ಮೂರು ನಾಲ್ಕು ವಾರಗಳೇ ನಮ್ಮ ಸೀಮೆಯವರಿಗೆ ಹೇಳಿ ಮಾಡಿಸಿದ ಕಾಲ. ಶಿವರಾತ್ರಿಯ ದಿನಗಳಲ್ಲಿ ಧರ್ಮಸ್ಥಳ, ಮುರ್ಡೇಶ್ವರ, ಗೋಕರ್ಣಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಎರಡು ವರ್ಷಕ್ಕೊಮ್ಮೆ, ಸಮಸಂಖ್ಯೆಯ ವರ್ಷಗಳ ಜನವರಿ ೧೮ರಂದು ಉಡುಪಿಯಲ್ಲಿ ಪರ್ಯಾಯ ನಡೆಯುತ್ತದೆ. ಆ ದಿನಗಳನ್ನೂ ಬಿಟ್ಟುಕೊಂಡರೆ ವೃದ್ಧರಿಗೆ ನೆಮ್ಮದಿ.

ಎರಡನೆಯದು ಮನೆಯ ಏರ್ಪಾಟು. ಹಿರಿಯರ ಮನಸ್ಸು ಹಿಂದೆಯೇ ಉಳಿದಿದ್ದರೆ ಅವರ ಕಣ್ಣು ಸಮುದ್ರವನ್ನು ನೋಡಿದರೂ ಕಂಡಂತಾಗುವುದಿಲ್ಲ. ನಮ್ಮ ಹಳ್ಳಿಗಳಲ್ಲಿ ಮುಯ್ಯಾಳಿನ ಪದ್ಧತಿ ಇನ್ನೂ ಪೂರ್ತಿಯಾಗಿ ಅಳಿದಿಲ್ಲ. ಒಂದು ವಾರ ಹಾಲು ಕರೆದು ಡೈರಿಗೆ ಹಾಕಿ, ಕರೆಂಟು ಬಂದಾಗ ಮೋಟಾರು ಹಾಕಿ, ಬಿದ್ದ ಕಾಯನ್ನು ಆಯ್ದು ಕೊಟ್ಟಿಗೆಗೆ ಸೇರಿಸುವ ಭಾರವನ್ನು ನೆರೆಯ ಒಂದು ಸಂಸಾರ ಹೊತ್ತುಕೊಂಡರೆ, ಅವರು ಹೊರಡುವಾಗ ನಾವು ಮುಯ್ಯಿ ತೀರಿಸಬಹುದು. ಕಾಯಿ ಕೀಳಿಸುವ ಸರದಿಯನ್ನು ಹೊರಡುವುದಕ್ಕೆ ಮುಂಚಿನ ವಾರಕ್ಕೆ ತಂದುಕೊಂಡರೆ ಕಳವಿನ ಚಿಂತೆಯೂ ತಗ್ಗುತ್ತದೆ. ಯಾರಿಗೆ ಯಾವ ಕೆಲಸ ಒಪ್ಪಿಸಿದೆ, ಹಸುವಿಗೆ ಎಷ್ಟು ಹಿಂಡಿ, ಬೀಗದ ಕೈ ಎಲ್ಲಿ ಎಂಬುದನ್ನು ಮನೆಯ ಅಜ್ಜಿಯಿಂದಲೇ ನೆರೆಯವರಿಗೆ ಹೇಳಿಸಬೇಕು. ಮನೆಯ ಯಜಮಾನಿಕೆಯನ್ನು ತಾನೇ ಒಪ್ಪಿಸಿ ಬಂದವಳಿಗೆ ದಾರಿಯಲ್ಲಿ ಅನುಮಾನ ಕಾಡುವುದಿಲ್ಲ.

ಮೂರನೆಯದು ಗಾಡಿ. ಬಾಡಿಗೆ ಗೊತ್ತುಮಾಡುವ ಮುಂಚೆ ಹೋಗಿ ಕಣ್ಣಾರೆ ನೋಡತಕ್ಕದ್ದು. ಮೆಟ್ಟಿಲು ಎಷ್ಟು ಎತ್ತರ, ಹಿಡಿದುಕೊಳ್ಳಲು ಕೈಪಿಡಿ ಉಂಟೇ, ಶೌಚದ ಪೀಠ ಮಂಡಿನೋವಿನವರಿಗೆ ಹೊಂದುವ ಎತ್ತರದಲ್ಲಿದೆಯೇ, ಅದರ ಬಾಗಿಲಿನಲ್ಲಿ ಮೈಯುಳ್ಳವರು ಹಿಡಿಯುತ್ತಾರೆಯೇ ಎಂಬುದು ಬಣ್ಣಕ್ಕಿಂತಲೂ ದೂರದರ್ಶನದ ಪೆಟ್ಟಿಗೆಗಿಂತಲೂ ಮುಖ್ಯ. ಮಲಗುವ ಹಾಸಿಗೆಗಳ ಸಂಖ್ಯೆ ಬೇರೆ, ಪಟ್ಟಿಯಿರುವ ಆಸನಗಳ ಸಂಖ್ಯೆ ಬೇರೆ. ಗಾಡಿ ಓಡುವಾಗ ಎಲ್ಲರೂ ಪಟ್ಟಿ ಕಟ್ಟಿ ಕೂತಿರಬೇಕೇ ಹೊರತು ಹಾಸಿಗೆಯ ಮೇಲೆ ಮಲಗಿರಬಾರದು. ಬಾಡಿಗೆಗೆ ಬಿಡುವ ಗಾಡಿಗೆ ಹಳದಿ ಫಲಕ, ಪರವಾನಗಿ, ಯೋಗ್ಯತಾಪತ್ರ, ವಿಮೆಗಳು ಸರಿಯಾಗಿವೆಯೇ ಎಂದು ನೋಡಿಕೊಳ್ಳಬೇಕು. ದಿನದ ಬಾಡಿಗೆಯಲ್ಲದೆ ದಿನಕ್ಕೆ ಇಂತಿಷ್ಟು ಕಿಲೋಮೀಟರಿಗೆ ಕಡಿಮೆಯಿಲ್ಲವೆಂಬ ಕರಾರು, ಸಾರಥಿಯ ಭತ್ಯ, ಹೆದ್ದಾರಿಯ ಸುಂಕ ಇವೆಲ್ಲವನ್ನೂ ಬರಹದಲ್ಲಿ ಪಡೆಯಬೇಕು. ಬೆಂಗಳೂರಿನಿಂದ ತಿಪಟೂರಿಗೆ ಸುಮಾರು ೧೪೦ ಕಿಲೋಮೀಟರಾದುದರಿಂದ ಗಾಡಿ ಬಂದು ಹಿಂತಿರುಗುವ ದೂರವೂ ಲೆಕ್ಕಕ್ಕೆ ಸೇರುತ್ತದೆ. ಸಾರಥಿಗೆ ರಾತ್ರಿ ಮಲಗಲು ಪ್ರತ್ಯೇಕ ಸ್ಥಳ ಗೊತ್ತುಮಾಡಬೇಕಾದುದು ಧರ್ಮವೂ ಹೌದು, ಕ್ಷೇಮವೂ ಹೌದು. ನಿದ್ದೆಗೆಟ್ಟವನ ಕೈಯಲ್ಲಿ ಘಾಟಿಯನ್ನು ಇಳಿಯುವುದುಂಟೆ?

ಮನೆಗಾಡಿಯೊಳಗೆ ಸಂಸಾರ ನಡೆಯುವುದು ಮೂರು ಲೆಕ್ಕಗಳ ಮೇಲೆ: ನೀರು, ಮಲಿನ, ವಿದ್ಯುತ್ತು. ಐದು ಮಂದಿಯ ಸಂಸಾರಕ್ಕೆ ಕುಡಿಯುವುದಕ್ಕೂ ಅಡಿಗೆಗೂ ದಿನಕ್ಕೆ ೨೦ ಲೀಟರು ಬೇಕು. ಕೈಕಾಲು, ಪಾತ್ರೆ, ಶೌಚಗಳಿಗೆ ಮತ್ತೆ ೫೦ ಲೀಟರಾದರೂ ಹೋಗುತ್ತದೆ. ನೂರು ಲೀಟರಿನ ತೊಟ್ಟಿ ಹೀಗೆ ಒಂದು ದಿನವನ್ನು ಧಾರಾಳವಾಗಿ ದಾಟಿಸುತ್ತದೆ. ಆದರೆ ಎಲ್ಲರೂ ಗಾಡಿಯಲ್ಲಿಯೇ ಸ್ನಾನಕ್ಕೆ ನಿಂತರೆ ಒಂದೇ ಬೆಳಗಿನಲ್ಲಿ ಬರಿದಾಗುತ್ತದೆ. ಆದಕಾರಣ ಸ್ನಾನವನ್ನು ರಾತ್ರಿ ತಂಗುವ ಸ್ಥಳದಲ್ಲಿಯೇ ಮುಗಿಸಬೇಕು. ಬೆಳಗ್ಗೆ ತೊಟ್ಟಿ ತುಂಬಿಸದೆ ಗಾಡಿ ಕದಲಕೂಡದು.

ಶೌಚದ ಗೂಡಿನ ಕೆಳಗಿರುವ ಪೆಟ್ಟಿಗೆ ಸಾಮಾನ್ಯವಾಗಿ ೨೦ ಲೀಟರಿನದು. ನೀರು ಬಳಸುವ ನಮ್ಮ ಅಭ್ಯಾಸಕ್ಕೆ ಅದು ಹತ್ತು ಹದಿನೈದು ಸಲಕ್ಕೆ ತುಂಬುತ್ತದೆ. ಅದನ್ನು ವೃದ್ಧರಿಗೂ ರಾತ್ರಿಯ ಹೊತ್ತಿಗೂ ಮೀಸಲಿಟ್ಟು, ಗಟ್ಟಿಮುಟ್ಟಾದವರು ಹೊರಗಿನ ಶೌಚಾಲಯಗಳನ್ನು ಉಪಯೋಗಿಸಿದರೆ ಒಂದೂವರೆ ಎರಡು ದಿನ ನಡೆಯುತ್ತದೆ. ತುಂಬಿದ ಪೆಟ್ಟಿಗೆಯನ್ನು ಗುಂಡಿಗೋ ಒಳಚರಂಡಿಗೋ ಸೇರುವ ಶೌಚಾಲಯದಲ್ಲಿಯೇ ಬರಿದು ಮಾಡಬೇಕು. ಕತ್ತಲಲ್ಲಿ ಹೊಳೆಯ ದಂಡೆಗೋ ಮರಳಿಗೋ ಸುರಿದು ಬರುವವನು ತಾನು ನೋಡಲು ಹೋದ ಚೆಲುವನ್ನೇ ಹೊಲಸು ಮಾಡಿದಂತೆ. ತಂಗುವ ಸ್ಥಳದವರೊಡನೆ ಮಾತಾಡುವಾಗಲೇ ಇದನ್ನು ಸಂಕೋಚವಿಲ್ಲದೆ ಕೇಳಿಕೊಳ್ಳಬೇಕು.

ವಿದ್ಯುತ್ತಿನ ವಿಷಯದಲ್ಲಿ ಒಂದು ಎಚ್ಚರಿಕೆ ಅತ್ಯವಶ್ಯ. ದೀಪ, ಬೀಸಣಿಗೆಗಳು ಗಾಡಿಯ ಬ್ಯಾಟರಿಯಿಂದ ನಡೆಯುತ್ತವೆ. ಹವಾನಿಯಂತ್ರಣಕ್ಕೆ ಹೊರಗಿನ ಸಂಪರ್ಕ ಬೇಕು, ಇಲ್ಲವೇ ಜನರೇಟರು ಓಡಬೇಕು. ೨೦೨೪ರ ಡಿಸೆಂಬರಿನಲ್ಲಿ ಕೇರಳದ ವಡಕರದಲ್ಲಿ ರಸ್ತೆಯ ಬದಿಗೆ ನಿಲ್ಲಿಸಿದ್ದ ಕ್ಯಾರವಾನಿನೊಳಗೆ ಇಬ್ಬರು ಸತ್ತಿದ್ದುದು ಕಂಡುಬಂದಿತು. ಜನರೇಟರಿನ ಹೊಗೆಯಲ್ಲಿದ್ದ ಕಾರ್ಬನ್ ಮಾನಾಕ್ಸೈಡ್ ಒಳಸೇರಿ ಅವರ ಪ್ರಾಣ ತೆಗೆದಿತ್ತು. ಆ ಅನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಮಲಗಿದವರಿಗೆ ಎಚ್ಚರವಾಗುವ ಮುಂಚೆಯೇ ಮುಗಿದುಹೋಗುತ್ತದೆ. ಆದುದರಿಂದ ಜನರೇಟರನ್ನಾಗಲಿ ಎಂಜಿನ್ನನ್ನಾಗಲಿ ಓಡಿಸುತ್ತ ಒಳಗೆ ನಿದ್ರಿಸಕೂಡದು. ಬಾಗಿಲು ಕಿಟಕಿ ಮುಚ್ಚಿ ಒಲೆ ಹಚ್ಚಕೂಡದು. ರಾತ್ರಿ ಗ್ಯಾಸಿನ ಕೊಳವೆಯನ್ನು ಮುಚ್ಚಿ ಮಲಗಬೇಕು. ಜನವರಿಯ ಕರಾವಳಿಯ ರಾತ್ರಿಗೆ ಸೊಳ್ಳೆಯ ಜಾಲರಿ ಹಾಕಿದ ಕಿಟಕಿಯೂ ಒಂದು ಬೀಸಣಿಗೆಯೂ ಸಾಕು.

ಇನ್ನು ದಾರಿ. ತಿಪಟೂರಿನವರಿಗೆ ಒಂದು ಭಾಗ್ಯವುಂಟು. ಚಿಕ್ಕನಾಯಕನಹಳ್ಳಿ, ತುರುವೇಕೆರೆಗಳವರು ಕಿಬ್ಬನಹಳ್ಳಿ ಕ್ರಾಸಿಗೆ ಬಂದು ಹೆದ್ದಾರಿಯನ್ನು ಹಿಡಿದರೆ ಅದು ತಿಪಟೂರು, ಅರಸೀಕೆರೆಗಳನ್ನು ದಾಟಿ ಬಾಣಾವರವನ್ನು ಮುಟ್ಟುತ್ತದೆ. ಅಲ್ಲಿ ಕವಲು. ಎಡಕ್ಕೆ ಹೋದರೆ ಹಳೇಬೀಡು, ಬೇಲೂರು, ಮೂಡಿಗೆರೆ, ಚಾರ್ಮಾಡಿಗಳ ಮೇಲೆ ಮಂಗಳೂರು. ನೇರವಾಗಿ ಹೋದರೆ ಕಡೂರು, ಶಿವಮೊಗ್ಗ, ಸಾಗರ, ಗೇರುಸೊಪ್ಪೆಗಳ ಮೇಲೆ ಹೊನ್ನಾವರ. ಒಂದರಲ್ಲಿ ಇಳಿದು, ಮಂಗಳೂರಿನಿಂದ ಹೊನ್ನಾವರದವರೆಗಿನ ೧೮೦ ಕಿಲೋಮೀಟರು ಕಡಲ ದಾರಿಯನ್ನು ನೋಡಿಕೊಂಡು, ಇನ್ನೊಂದರಲ್ಲಿ ಏರಿ ಬಂದರೆ ನಡೆದ ದಾರಿಯನ್ನು ಮತ್ತೆ ನಡೆಯಬೇಕಾಗಿಲ್ಲ. ಎಲ್ಲವೂ ಸೇರಿ ಸುಮಾರು ೮೦೦ ಕಿಲೋಮೀಟರು. ಕೊನೆಯ ದಿನವೊಂದರ ಹೊರತು ದಿನಕ್ಕೆ ೧೨೦ ಕಿಲೋಮೀಟರು ಮೀರದಂತೆ, ಆರು ರಾತ್ರಿ ತಂಗಿ ಏಳನೆಯ ದಿನ ಮನೆ ಸೇರುವಂತೆ ಹೊಂದಿಸಿ, ಒಂದು ದಿನವನ್ನು ಕೈಯಲ್ಲಿ ಹೆಚ್ಚಿಗೆ ಉಳಿಸಿಕೊಳ್ಳಬೇಕು. ಯಾರಿಗಾದರೂ ಆಯಾಸವಾದರೆ ಆ ದಿನ ಒದಗುತ್ತದೆ.

ಮೊದಲನೆಯ ಮಜಲು ಬೇಲೂರು. ತಿಪಟೂರಿನಿಂದ ಸುಮಾರು ೯೦ ಕಿಲೋಮೀಟರಿಗೆ ನಿಂತರೆ ಸಾಕೇ ಎಂದು ಹುಡುಗರು ಕೇಳಿಯಾರು. ಸಾಕು. ಮೊದಲ ದಿನ ಗಾಡಿಯ ಸ್ವಭಾವವನ್ನು ತಿಳಿಯುವ ದಿನ. ಯಾವ ಪಾತ್ರೆ ಉರುಳುತ್ತದೆ, ಯಾವ ಬಾಗಿಲು ತೆರೆದುಕೊಳ್ಳುತ್ತದೆ, ಅಜ್ಜಿಗೆ ಯಾವ ಆಸನ ಹಿತ ಎಂಬುದು ಅಂದೇ ಗೊತ್ತಾಗಬೇಕು. ೨೦೨೩ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಹಳೇಬೀಡು, ಬೇಲೂರುಗಳ ದೇವಾಲಯಗಳೆರಡೂ ದಾರಿಯಲ್ಲಿಯೇ ಇವೆ. ಎರಡನ್ನೂ ನೋಡಲೇಬೇಕೆಂಬ ಹಟ ಬೇಡ. ಕಾಲು ನೋಯುವವರಿಗೆ ಒಂದು ಸಾಕು.

ಎರಡನೆಯ ದಿನ ಚಾರ್ಮಾಡಿ ಘಾಟಿ. ಕೊಟ್ಟಿಗೆಹಾರದಿಂದ ಕೆಳಗೆ ತಿರುವುಗಳೇ ತಿರುವುಗಳು. ಮಂಜು ಕರಗಿದ ಮೇಲೆ, ಹಗಲಿನಲ್ಲಿಯೇ ಇಳಿಯಬೇಕು. ೨೦೧೯ರ ಕುಸಿತದ ಮೇಲೆ ಭಾರದ ವಾಹನಗಳಿಗೆ ಇಲ್ಲಿ ನಿರ್ಬಂಧಗಳನ್ನು ಹಾಕಿರುವುದರಿಂದ, ನಮ್ಮ ಗಾಡಿಗೆ ಅಪ್ಪಣೆಯುಂಟೇ ಎಂದು ಹೊರಡುವ ವಾರ ವಿಚಾರಿಸತಕ್ಕದ್ದು. ಇಲ್ಲದಿದ್ದರೆ ಹಾಸನ, ಸಕಲೇಶಪುರಗಳ ಮೇಲೆ ಶಿರಾಡಿ ಘಾಟಿಯುಂಟು. ತಲೆ ತಿರುಗುವವರು ಮುಂದಿನ ಆಸನದಲ್ಲಿ ಮುಂದಕ್ಕೆ ಮುಖ ಮಾಡಿ ಕೂರಬೇಕು. ಬೆಳಗಿನ ಊಟ ಹಗುರವಾಗಿರಬೇಕು. ಹೊಟ್ಟೆ ಬರಿದಾಗಿಯೂ ಇರಬಾರದು. ಆ ರಾತ್ರಿ ಧರ್ಮಸ್ಥಳದಲ್ಲಿ ತಂಗಿದರೆ ಗಾಡಿ ನಿಲ್ಲಿಸುವ ಬಯಲು, ಸ್ನಾನಕ್ಕೆ ನೀರು, ಊಟ ಯಾವುದಕ್ಕೂ ತೊಂದರೆಯಿಲ್ಲ. ಹಿರಿಯರಿಗೆ ದೇವರ ದರ್ಶನವೂ ಆದಂತಾಯಿತು.

ಮೂರನೆಯ ದಿನ ಮಂಗಳೂರಿನ ಹೊರವಲಯವನ್ನು ದಾಟಿ ಉತ್ತರಕ್ಕೆ ತಿರುಗಿ ಪಡುಬಿದ್ರಿಯನ್ನು ಸೇರುವುದು. ಸಮುದ್ರವನ್ನು ಮೊದಲು ನೋಡಲು ಈ ಸ್ಥಳವನ್ನು ಆರಿಸಿದುದಕ್ಕೆ ಕಾರಣವುಂಟು. ಇಲ್ಲಿನ ಒಂದು ಕಡಲ ತೀರಕ್ಕೆ ೨೦೨೦ರಲ್ಲಿ ಬ್ಲೂ ಫ್ಲ್ಯಾಗ್ ಎಂಬ ಅಂತರರಾಷ್ಟ್ರೀಯ ಮಾನ್ಯತೆ ದೊರೆಯಿತು. ಅದೇ ವರ್ಷ ಹೊನ್ನಾವರದ ಕಾಸರಕೋಡಿಗೂ ದೊರೆಯಿತು. ನೀರಿನ ಶುದ್ಧಿ, ಶೌಚಾಲಯ, ಬಟ್ಟೆ ಬದಲಿಸುವ ಕೋಣೆ, ಕಾವಲುಗಾರರು ಇವುಗಳನ್ನು ಪರೀಕ್ಷಿಸಿಯೇ ಆ ಮಾನ್ಯತೆಯನ್ನು ಕೊಡುತ್ತಾರೆ. ಎಪ್ಪತ್ತು ವರ್ಷಕ್ಕೆ ಮೊದಲ ಬಾರಿ ಕಡಲ ನೀರಿಗೆ ಕಾಲಿಡುವ ತಾಯಿಗೆ ಒದ್ದೆ ಸೀರೆಯನ್ನು ಬದಲಿಸಲು ಒಂದು ಮರೆ ಬೇಕಲ್ಲವೆ? ಮಗನೋ ಸೊಸೆಯೋ ಕೈ ಹಿಡಿದು ನಿಂತಿರಬೇಕು. ಕಾಲಿನಡಿಯ ಮರಳನ್ನು ಅಲೆ ಹಿಂದಕ್ಕೆ ಸೆಳೆಯುವಾಗ ಬಯಲುಸೀಮೆಯವರಿಗೆ ಎದೆ ಝಲ್ಲೆನ್ನುವುದುಂಟು. ಸೊಂಟದವರೆಗಿನ ನೀರಿಗೆ ಯಾರೂ ಇಳಿಯಬಾರದು. ಕೆರೆಯಲ್ಲಿ ಈಜು ಕಲಿತ ಹುಡುಗರಂತೂ ಆ ಈಜನ್ನು ನಂಬಿ ಹೋಗಲೇಬಾರದು. ಗಾಡಿಯನ್ನು ಮರಳಿನ ಮೇಲೆ ಇಳಿಸಕೂಡದು. ಅಷ್ಟು ಭಾರದ ಗಾಡಿ ಹೂತರೆ ಎಳೆಯುವುದು ಕಷ್ಟ.

ಕೈಯಲ್ಲಿ ಉಳಿಸಿಕೊಂಡ ದಿನವನ್ನು ತೆಂಗಿನ ಬೆಳೆಗಾರರು ಬೇಕಾದರೆ ಇಲ್ಲಿ ಖರ್ಚುಮಾಡಬಹುದು. ಮಂಗಳೂರಿನಿಂದ ತೆಂಕಣಕ್ಕೆ ಸುಮಾರು ೫೦ ಕಿಲೋಮೀಟರಿನಲ್ಲಿ ಕಾಸರಗೋಡು. ಕನ್ನಡಿಗರೂ ನೆಲಸಿರುವ ಆ ನಾಡಿನಲ್ಲಿ ೧೯೧೬ರಲ್ಲಿ ಮೊದಲಾದ ತೆಂಗಿನ ಸಂಶೋಧನೆಯು ೧೯೭೦ರಲ್ಲಿ ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆಯಾಯಿತು. ನುಸಿ, ಕಪ್ಪುತಲೆ ಹುಳು ಮೊದಲಾದ ನಮ್ಮ ತೋಟದ ಪೀಡೆಗಳನ್ನು ಕುರಿತು ಅಲ್ಲಿ ಕೆಲಸ ನಡೆದಿದೆ. ಮುಂಚಿತವಾಗಿ ಬರೆದು ಒಪ್ಪಿಗೆ ಪಡೆದು ಹೋದರೆ ಪ್ರವಾಸದಲ್ಲಿ ತೋಟಕ್ಕೂ ಒಂದು ಪಾಲು ಸಂದಂತಾಗುತ್ತದೆ.

ನಾಲ್ಕನೆಯ ದಿನ ಉಡುಪಿಯ ಮೇಲೆ ಮರವಂತೆಗೆ. ದಾರಿಯಲ್ಲಿ ಕಾಪುವಿನಲ್ಲಿ ೧೯೦೧ರ ದೀಪಸ್ತಂಭವುಂಟು. ಮಕ್ಕಳು ಮೆಟ್ಟಿಲು ಹತ್ತಲಿ. ಹಿರಿಯರು ಕೆಳಗೆ ಗಾಳಿಗೆ ಕೂರಲಿ. ಎಲ್ಲರೂ ಎಲ್ಲವನ್ನೂ ನೋಡಬೇಕೆಂಬ ನಿರ್ಬಂಧವನ್ನು ಬಿಟ್ಟರೆ ಪ್ರವಾಸದ ಅರ್ಧ ಜಗಳ ಬಿಟ್ಟಂತೆ. ಕುಂದಾಪುರವನ್ನು ದಾಟಿದ ಮೇಲೆ ಮರವಂತೆಯಲ್ಲಿ ಹೆದ್ದಾರಿಯ ಎಡಕ್ಕೆ ಸಮುದ್ರ, ಬಲಕ್ಕೆ ಸೌಪರ್ಣಿಕಾ ನದಿ, ನಡುವೆ ರಸ್ತೆಯ ಅಗಲದಷ್ಟೇ ಭೂಮಿ. ಹೊಳೆಯ ಆಚೆ ದಂಡೆಯಲ್ಲಿ ತೆಂಗಿನ ಸಾಲು. ಇಲ್ಲಿ ನಡೆಯಬೇಕಾಗಿಲ್ಲ, ಹತ್ತಬೇಕಾಗಿಲ್ಲ. ಸಂಜೆ ಆರರ ಹೊತ್ತಿಗೆ ಗಾಡಿಯನ್ನು ಹೆದ್ದಾರಿಯಿಂದ ಹೊರಗೆ ಕ್ಷೇಮವಾದ ಎಡೆಯಲ್ಲಿ ನಿಲ್ಲಿಸಿ ಬಾಗಿಲು ತೆರೆದರೆ, ಕಾಲು ಏಳದವರೂ ಕೂತಲ್ಲಿಂದಲೇ ಸೂರ್ಯಾಸ್ತವನ್ನು ನೋಡಬಹುದು. ಮನೆಗಾಡಿಯ ಬಾಡಿಗೆ ಸಾರ್ಥಕವಾಗುವುದು ಇಂಥ ಅರ್ಧ ಗಂಟೆಯಲ್ಲಿ. ರಾತ್ರಿ ಮಾತ್ರ ಹೆದ್ದಾರಿಯ ಬದಿಯಲ್ಲಿಯಾಗಲಿ ನಿರ್ಜನವಾದ ತೀರದಲ್ಲಿಯಾಗಲಿ ತಂಗಬಾರದು. ವಸತಿಗೃಹವೊಂದರ ಕಾಂಪೌಂಡಿನಲ್ಲಿ ಒಂದು ಕೋಣೆಯನ್ನೂ ಹಿಡಿದು, ಗಾಡಿಗೆ ನೀರು ವಿದ್ಯುತ್ತುಗಳನ್ನು ಕೇಳಿ ಪಡೆದರೆ ಸ್ನಾನದ ಅನುಕೂಲವೂ ಆಯಿತು, ಸಾರಥಿಗೆ ಹಾಸಿಗೆಯೂ ಆಯಿತು.

ಐದನೆಯ ಮಜಲು ಮುರ್ಡೇಶ್ವರ, ಐವತ್ತು ಕಿಲೋಮೀಟರಿನಷ್ಟು ದಾರಿ. ಇಲ್ಲಿಯ ಇಪ್ಪತ್ತು ಅಂತಸ್ತಿನ ರಾಜಗೋಪುರದೊಳಗೆ ಮೇಲಕ್ಕೊಯ್ಯುವ ಲಿಫ್ಟ್ ಇರುವುದರಿಂದ ವೃದ್ಧರೂ ಎತ್ತರದಿಂದ ಕಡಲನ್ನೂ ೧೨೩ ಅಡಿಯ ಶಿವಮೂರ್ತಿಯನ್ನೂ ನೋಡಬಹುದು. ಬೆಳಗ್ಗೆ ಬೇಗ ಹೋದರೆ ಸಾಲು ಕಡಿಮೆ. ಮಧ್ಯಾಹ್ನವೆಲ್ಲ ವಿಶ್ರಾಂತಿ.

ಆರನೆಯ ದಿನ ಹೊನ್ನಾವರದಲ್ಲಿ ಶರಾವತಿಯು ಸಮುದ್ರವನ್ನು ಸೇರುವ ಅಳಿವೆಯನ್ನು ನೋಡಿ, ಆ ನದಿಯ ಜಾಡಿನಲ್ಲಿಯೇ ಗೇರುಸೊಪ್ಪೆಯ ಘಾಟಿಯನ್ನು ಏರಿ ಸಾಗರದಲ್ಲಿ ತಂಗುವುದು. ಜೋಗವು ದಾರಿಯಲ್ಲಿಯೇ ಇದೆ. ಆದರೆ ೧೯೬೪ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಂದಿನಿಂದ ಮಳೆಗಾಲ ಕಳೆದ ಮೇಲೆ ಅಲ್ಲಿ ನೀರು ಬಹಳ ಕಡಿಮೆ; ಬಂಡೆಯ ಎತ್ತರವನ್ನು ನೋಡಿ ತೃಪ್ತರಾಗಬೇಕು. ಕಡಲಿಗೆ ಒಳ್ಳೆಯ ತಿಂಗಳು ಜಲಪಾತಕ್ಕೆ ಒಳ್ಳೆಯ ತಿಂಗಳಲ್ಲ. ಇದನ್ನು ಮನೆಯಲ್ಲಿಯೇ ಹೇಳಿಟ್ಟರೆ ಮಕ್ಕಳಿಗೆ ನಿರಾಶೆಯಿಲ್ಲ. ಸಾಗರದಿಂದ ಊರಿಗೆ ೨೦೦ ಕಿಲೋಮೀಟರು ದಾಟುತ್ತದೆ. ಉಳಿದ ದಿನವನ್ನು ಇನ್ನೂ ಖರ್ಚುಮಾಡದಿದ್ದರೆ ಶಿವಮೊಗ್ಗದಲ್ಲಿ ಇನ್ನೊಂದು ರಾತ್ರಿ ನಿಂತು ಬರಬಹುದು.

ಗೃಹಿಣಿಯರಿಗೆ ಎರಡು ಮಾತು. ಗಾಡಿಯಲ್ಲಿ ಒಲೆಯಿದೆಯೆಂದು ಮೂರು ಹೊತ್ತೂ ಅಡಿಗೆಗೆ ನಿಂತರೆ ಮನೆಯ ಅಡಿಗ್ಗೆಮನೆಯೇ ಚಕ್ರ ಕಟ್ಟಿಕೊಂಡು ಹಿಂದೆ ಬಂದಂತಾಗುತ್ತದೆ. ಬೆಳಗಿನ ಕಾಫಿ, ರಾತ್ರಿಯ ಗಂಜಿ ಅಥವಾ ಮೊಸರನ್ನ ಇಷ್ಟನ್ನು ಒಲೆಗೆ ಬಿಟ್ಟು, ಮಧ್ಯಾಹ್ನ ಹೊರಗೆ ಉಣ್ಣುವುದು ಲೇಸು. ಹುರಿಹಿಟ್ಟು, ಚಟ್ನಿಪುಡಿ, ಒಣಕೊಬ್ಬರಿ ಬೆಲ್ಲ, ನಿಂಬೆಹಣ್ಣು ಕೈಯಲ್ಲಿದ್ದರೆ ಯಾವ ಊರೂ ಹಸಿವಿನ ಊರಲ್ಲ. ಕರಾವಳಿಯ ಅಡಿಗೆಯಲ್ಲಿ ತೆಂಗಿನೆಣ್ಣೆಯ ವಾಸನೆ ನಮ್ಮವರಿಗೆ ಮೊದಲು ಒಗ್ಗದಿರಬಹುದು. ಅದೇ ಕಾಯಿ ಅಲ್ಲಿ ಹೇಗೆ ಬೇರೆ ರುಚಿ ತಾಳುತ್ತದೆಂದು ನೋಡುವುದೂ ಪ್ರವಾಸದ ಒಂದು ಪಾಠವೇ.

ಹಿರಿಯರ ರಕ್ತದೊತ್ತಡ, ಸಕ್ಕರೆಯ ಮಾತ್ರೆಗಳನ್ನು ಎರಡು ದಿನ ಹೆಚ್ಚಿಗೆ ಲೆಕ್ಕಹಾಕಿ ಇಟ್ಟುಕೊಂಡು, ವೈದ್ಯರ ಚೀಟಿಯನ್ನೂ ಜೊತೆಗೆ ಒಯ್ಯಬೇಕು. ಕರಾವಳಿಯ ಬೆವರು ನಮ್ಮ ಕಡೆಯ ಬೆವರಲ್ಲ. ನೀರಡಿಕೆಯಾಗದಿದ್ದರೂ ಗಂಟೆಗೊಮ್ಮೆ ನೀರು ಕುಡಿಸಬೇಕು. ಶೌಚದ ಗೂಡು ಗಾಡಿಯಲ್ಲಿಯೇ ಇದೆಯೆಂಬ ಧೈರ್ಯ ಬಂದರೆ ಅವರೇ ಕುಡಿಯುತ್ತಾರೆ. ದೊಡ್ಡ ಆಸ್ಪತ್ರೆಗಳು ಮಂಗಳೂರು, ಮಣಿಪಾಲಗಳಲ್ಲಿವೆ. ಅಲ್ಲಿಂದ ಉತ್ತರಕ್ಕೆ ಹೋದಂತೆಲ್ಲ ಕಷ್ಟದ ರೋಗಿಗಳನ್ನು ಹಿಂದಕ್ಕೆ ಆ ಊರುಗಳಿಗೇ ತರುತ್ತಾರೆ. ಆದುದರಿಂದ ಮರವಂತೆಗೆ ಬರುವ ಮುಂಚೆ ಯಾರಿಗಾದರೂ ಮೈ ಸರಿಯಿಲ್ಲವೆಂದು ತೋರಿದರೆ ಮುಂದುವರಿಯದೆ ಅಲ್ಲಿಯೇ ತೋರಿಸತಕ್ಕದ್ದು.

ಕ್ಯಾರವಾನಿನ ಬಾಡಿಗೆ ಎಲ್ಲ ಸಂಸಾರಗಳಿಗೂ ಎಟುಕದು. ಕೊಬ್ಬರಿಯ ಧಾರಣೆ ಕೈಕೊಟ್ಟ ವರ್ಷ ಯಾರು ತಾನೆ ಅದನ್ನು ಯೋಚಿಸಬಲ್ಲರು? ಹಾಗೆಂದು ಪ್ರವಾಸವನ್ನೇ ಕೈಬಿಡಬೇಕಾಗಿಲ್ಲ. ಊರಿನ ಸಾಮಾನ್ಯ ವ್ಯಾನೊಂದನ್ನು ಗೊತ್ತುಮಾಡಿ, ಔಷಧದ ಅಂಗಡಿಗಳಲ್ಲಿ ದೊರೆಯುವ ಮಡಿಸುವ ಕಮೋಡ್ ಕುರ್ಚಿ, ಸುತ್ತಲೂ ಮರೆಗೆ ನಿಲ್ಲಿಸುವ ಸಣ್ಣ ಗುಡಾರ, ಎರಡು ಕ್ಯಾನು ನೀರು ಇವನ್ನು ಹಿಂದೆ ಇಟ್ಟುಕೊಂಡರೆ ಮನೆಗಾಡಿಯ ಮುಖ್ಯವಾದ ಉಪಕಾರ ದೊರೆತಂತೆಯೇ. ಮಜಲುಗಳು ಇವೇ ಇರಲಿ, ರಾತ್ರಿಗೆ ಕೋಣೆ ಹಿಡಿಯಲಿ.

ಮಕ್ಕಳು ಬೆಂಗಳೂರಿನಲ್ಲಿ, ತಂದೆತಾಯಿಗಳು ತೋಟದಲ್ಲಿ ಎಂಬುದು ಇಂದು ನಮ್ಮ ಸೀಮೆಯ ಬಹುಮನೆಗಳ ಸ್ಥಿತಿ. ಮುಂದಿನ ವರ್ಷ ನೋಡೋಣವೆಂದು ಹೇಳುವುದು ಸುಲಭ. ಆದರೆ ಮುಂದಿನ ವರ್ಷ ಅವರ ಮಂಡಿ ಈ ವರ್ಷಕ್ಕಿಂತ ಗಟ್ಟಿಯಾಗಿರುವುದೆಂಬ ಭರವಸೆಯನ್ನು ಯಾವ ವೈದ್ಯನೂ ಕೊಡಲಾರ. ಈ ಸಂಕ್ರಾಂತಿಗೆ ಮನೆಗೆ ಬಂದ ಮಗನೋ ಮಗಳೋ ಪಂಚಾಂಗವನ್ನೂ ನಕ್ಷೆಯನ್ನೂ ಜಗಲಿಯ ಮೇಲೆ ಹರಡಿಕೊಂಡು, ಅವ್ವನನ್ನೋ ಅಪ್ಪನನ್ನೋ ಪಕ್ಕದಲ್ಲಿ ಕೂರಿಸಿಕೊಂಡು, ದಿನಕ್ಕೆ ಎಷ್ಟು ಹೊತ್ತು ಕೂರಬಲ್ಲಿರಿ ಎಂಬ ಒಂದು ಪ್ರಶ್ನೆಯಿಂದ ಆರಂಭಿಸಲಿ. ಮಿಕ್ಕ ಲೆಕ್ಕಗಳೆಲ್ಲ ಆ ಉತ್ತರದಿಂದ ತಾವಾಗಿ ಹೊರಡುತ್ತವೆ.